ಓದು ಬಾರದ ಬೆರಳು

ಕಣ್ಣು ಕಾಣದವಳಿಗೆ ಬೆಳಕಿನ ಚಿಕಿತ್ಸೆ ಎಂದು ಡಾಕ್ಟರು ಹೇಳಿದಾಗ ಮೊದಲು ನಕ್ಕವಳು ಅವಳೇ. ಡಾಕ್ಟರ ಎದುರಿಗೇ, ಮುಲಾಜಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲ ಡಾಕ್ಟ್ರೇ, ಹುಟ್ಟಿದಾಗಿಂದ ಬೆಳಕಿಗೂ ನನಗೂ ಮಾತುಕತೆನೇ ಇಲ್ಲ. ಈಗ ಈ ವಯಸ್ಸಲ್ಲಿ ರಾಜಿ ಮಾಡಿಸ್ತೀರಾ?"

ನಗಬೇಕೋ ಬೇಡವೋ ತಿಳಿಯದೆ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಪಕ್ಕದಲ್ಲಿ ಕೂತಿದ್ದ ಗಂಡನೂ ನಗಲಿಲ್ಲ. ಅವಳು ನಕ್ಕು ಬಹಳ ದಿನವಾಗಿತ್ತು.

ಇಬ್ಬರೂ ಅಂಧರಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನ ನೌಕರರು. ಅಲ್ಲಿ ಕರಡು ತಿದ್ದುವುದು ಒಬ್ಬರಿಂದ ಆಗುವ ಕೆಲಸವಲ್ಲ, ಜೋಡಿ ಬೇಕು. ಕಣ್ಣಿರುವವರೊಬ್ಬರು ಮೂಲ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾ ಹೋಗಬೇಕು. ಕಣ್ಣಿಲ್ಲದವರೊಬ್ಬರು ಎದುರಿಗೆ ಕೂತು, ಅಚ್ಚಾಗಿ ಬಂದ ದಪ್ಪ ಹಾಳೆಯ ಉಬ್ಬು ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಅವರ ಜೊತೆಜೊತೆಗೇ ಬರಬೇಕು. ಕಿವಿಗೆ ಬಿದ್ದದ್ದು ಒಂದು, ಬೆರಳಿಗೆ ತಾಗಿದ್ದು ಇನ್ನೊಂದು ಆದರೆ "ತಡೀರಿ" ಅನ್ನಬೇಕು. ಆಗ ಓದುವವರು ಬಾಯಿ ಮುಚ್ಚಬೇಕು. ಇಷ್ಟೇ ಕೆಲಸ. ಇಷ್ಟೇ ಅಂದೆನಲ್ಲ, ಅರ್ಧ ದಿನ ಕೂತು ನೋಡಿ, ಆಮೇಲೆ ಮಾತಾಡಿ.

ಓದುವವನು ಅವನು. ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ವರ, ಕೆಮ್ಮು ಬಂದರೂ ಅದೇ ಸ್ವರದಲ್ಲಿ ಕೆಮ್ಮಿ ಮುಂದಕ್ಕೆ ಓದುವ ಆಸಾಮಿ. ಹಾಗಾಗಿ ಪ್ರೆಸ್ಸಿನಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು ಬಿದ್ದಿತ್ತು. ಬೆರಳಾಡಿಸುವವಳು ಅವಳು. ಅವಳ ಬಲಗೈ ತೋರುಬೆರಳು ಒಮ್ಮೆ ತಪ್ಪು ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ಅದಕ್ಕೇ ಅವಳು ಹೈಕೋರ್ಟು. ಸುಪ್ರೀಂ ಕೋರ್ಟಿನ ಜಾಗದಲ್ಲಿ ಮ್ಯಾನೇಜರು ಇದ್ದರು ಎನ್ನಿ, ಆದರೆ ಅವರೂ ಆ ಬೆರಳಿನ ತೀರ್ಪನ್ನು ತಿರುಗಿಸಿದ ನೆನಪು ಯಾರಿಗೂ ಇಲ್ಲ.

ಅವರ ಮದುವೆ ಕುದುರಿದ್ದೂ ಆ ಮೇಜಿನಲ್ಲೇ. ಯಾವುದೋ ಭೂಗೋಳದ ಪುಸ್ತಕ ಓದುತ್ತಾ ಓದುತ್ತಾ ರೇಡಿಯೊ, ಸ್ವರ ಚೂರೂ ಬದಲಾಯಿಸದೆ, "ಈ ಪ್ರಾಂತ್ಯದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ನನ್ನನ್ನು ಮದುವೆಯಾಗುತ್ತೀರಾ, ಇಲ್ಲಿನ ಮುಖ್ಯ ಬೆಳೆ ಗೋಧಿ" ಎಂದು ಓದಿಬಿಟ್ಟನಂತೆ. ಅವಳು "ತಡೀರಿ, ಇದು ಹಾಳೇಲಿಲ್ಲ" ಎಂದಳಂತೆ. ಅವನ ಜೀವ ಬಾಯಿಗೆ ಬಂತು. ಅವಳು ಒಂದಿಷ್ಟು ಹೊತ್ತು ಬೆರಳನ್ನು ಗೋಧಿಯ ಮೇಲೇ ಇಟ್ಟುಕೊಂಡಿದ್ದು, "ಸೇರಿಸ್ಕೊಳ್ಳಿ" ಎಂದಳಂತೆ. ಪ್ರೆಸ್ಸಿನವರು ಇದನ್ನು ಹೊಸಬರಿಗೆಲ್ಲ ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ.

ಮನೆಯಲ್ಲಿ ಪಾತ್ರ ಅದಲುಬದಲು. ದಿನವಿಡೀ ಓದಿ ಗಂಟಲೊಣಗಿಸಿಕೊಂಡು ಬಂದವನಿಗೆ ಸಂಜೆ ಅವಳು ಓದಿ ಹೇಳುತ್ತಿದ್ದಳು. ಕಾದಂಬರಿಯಾಗಲಿ ಪ್ರವಾಸಕಥನವಾಗಲಿ, ಅವನು ಕುರ್ಚಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಆಯಿತು. ಮಕ್ಕಳಿಲ್ಲದ ಮನೆ ಅದು. ಆದರೆ ಖಾಲಿ ಮನೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ, ಅಷ್ಟು ಜನ ಆ ಪುಸ್ತಕಗಳಿಂದ ಬಂದು ಹೋಗುತ್ತಿದ್ದರು.

ಆಮೇಲೆ ಅವಳಿಗೆ ಕ್ಯಾನ್ಸರ್ ಬಂತು. ಆ ಕಥೆಯನ್ನು ಉದ್ದ ಮಾಡುವುದಿಲ್ಲ. ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಗಿ ಬಂತು, ಗಡ್ಡೆ ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದ ದಿನ ರೇಡಿಯೊ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತ. ಮನೆಗೆ ಬಂದವಳು ಕೈಕಾಲು ತೊಳೆದುಕೊಂಡು, ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿ ತೆಗೆದು, ಗುರುತಿನ ದಾರ ಹಿಡಿದು ಪುಟ ತೆರೆದಳು. ಅವನು ಕಣ್ಣು ಮುಚ್ಚಿ ಕಾದ. ಏನೂ ಕೇಳಲಿಲ್ಲ.

"ರೀ," ಎಂದಳು. "ಈ ಹಾಳೆ ಖಾಲಿ ಇದೆ."

ಅವನು ಕಣ್ಣು ಬಿಟ್ಟು ನೋಡಿದ. ಹಾಳೆಯ ತುಂಬ ಚುಕ್ಕಿಗಳು. ಅವುಗಳ ಮೇಲೆ ಅವಳ ಬೆರಳು ಅತ್ತಿಂದಿತ್ತ ಓಡಾಡುತ್ತಿತ್ತು.

ರೋಗ ಓಡಿಸಿದ ಔಷಧಿಯೇ ಕೈಕಾಲಿನ ನರಗಳ ತುದಿಯನ್ನೂ ಸುಟ್ಟಿತ್ತು. ಹೀಗಾಗುವುದುಂಟಂತೆ. ಬೇರೆಯವರಿಗಾದರೆ ಅಂಗಿಯ ಗುಂಡಿ ಹಾಕಲು ಕಷ್ಟ, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗುವುದಿಲ್ಲ, ಅಷ್ಟು. ಅಷ್ಟು ಎಂದರೆ ಕಡಿಮೆಯೇನಲ್ಲ. ಆದರೆ ಇವಳಿಗೆ ಬೆರಳೇ ಕಣ್ಣು. ಯಾವ ಡಾಕ್ಟರೂ ಅದನ್ನು ಮೊದಲೇ ಯೋಚಿಸಿರಲಿಲ್ಲ. ಯೋಚಿಸಿದ್ದರೂ ಬೇರೆ ದಾರಿ ಇತ್ತೋ ಇಲ್ಲವೋ, ಜೀವ ಉಳಿದದ್ದೇ ದೊಡ್ಡದು ಎಂದು ಎಲ್ಲರೂ ಹೇಳಿದರು. ಅವಳೂ ಹೌದು ಹೌದು ಎಂದಳು. ಎಲ್ಲರೂ ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಆಮೇಲೆ ಬಂದದ್ದೇ ಈ ಬೆಳಕು. ಕೆಂಪು ದೀಪದ ಪಟ್ಟಿಗಳನ್ನು ಕೈಕಾಲಿಗೆ ಸುತ್ತಿ ಸ್ವಲ್ಪ ಹೊತ್ತು ಬಿಡುವುದು, ವಾರದಲ್ಲಿ ಕೆಲವು ದಿನ. "ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಇಲ್ಲ. ಭರವಸೆ ಕೊಡೋಕಾಗಲ್ಲಮ್ಮ" ಎಂದರು ಡಾಕ್ಟರು. ಅವಳು ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಆಯ್ತು, ಅದೂ ಒಂದು ನೋಡೇಬಿಡೋಣ" ಎಂದಳು.

ಆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಎಕ್ಸ್‌ರೇ ವಿಭಾಗ ದಾಟಿ, ಗಾಲಿ ಮುರಿದ ಕುರ್ಚಿಗಳನ್ನು ಒಟ್ಟಿದ್ದ ಓಣಿಯ ಕೊನೆಗೆ. ಒಂದು ಮಂಚ, ಎರಡು ಸ್ಟೂಲು, ಚಕ್ರದ ಮೇಲೆ ನಿಂತ ಒಂದು ಯಂತ್ರ. ಅದನ್ನು ನಡೆಸುವ ಹೆಂಗಸು ದಪ್ಪ ದನಿಯವಳು, ಮಾತು ಖಡಕ್ಕು. ಮೊದಲ ದಿನವೇ ಹೈಕೋರ್ಟು ಅವಳಿಗೆ ದೀಪದಕ್ಕ ಎಂದು ಹೆಸರಿಟ್ಟಳು. ದೀಪದಕ್ಕ ಇಬ್ಬರ ಕೈಗೂ ಒಂದೊಂದು ಕಪ್ಪು ಕನ್ನಡಕ ಕೊಟ್ಟಳು.

"ನನಗ್ಯಾಕೆ?" ಎಂದಳು ಹೈಕೋರ್ಟು.

"ಬೆಳಕು ಜೋರಾಗಿರತ್ತೆ. ಕಣ್ಣಿಗೆ ತೊಂದ್ರೆ ಆಗ್ಬಾರ್ದು."

"ಇನ್ನೇನಕ್ಕ ತೊಂದ್ರೆ ಆಗೋದು ಬಾಕಿ ಇದೆ?"

"ರೂಲ್ಸು ರೂಲ್ಸೇ ಕಣ್ರಮ್ಮ. ಹಾಕ್ಕೊಳ್ಳಿ."

ಹಾಕಿಕೊಂಡಳು. ಕಪ್ಪು ಕನ್ನಡಕದಲ್ಲಿ ಗಂಡಹೆಂಡಿರು ಎದುರುಬದುರು ಕೂತರು. ಪಟ್ಟಿಗಳು ಹೊತ್ತಿಕೊಂಡವು. ಅಷ್ಟು ದಪ್ಪ ಗಾಜಿನಾಚೆಯೂ ಅವಳ ಬೆರಳುಗಳ ಸಂದಿಯಿಂದ ಬೆಳಕು ತೂರಿಬರುವುದು ಅವನಿಗೆ ಮಬ್ಬಾಗಿ ಕಾಣುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲೇ ಅವಳು, "ಕೆಂಪು ಅಂದ್ರೆ ಹೇಗಿರತ್ತೆ ಅಂತ ಹೇಳೋಕೆ ಮಾತ್ರ ಬರ್ಬೇಡಿ. ಚಿಕ್ಕಂದಿನಿಂದ ಸಿಕ್ಕಸಿಕ್ಕವರೆಲ್ಲ ಹೇಳಿ ತಲೆ ತಿಂದಿದ್ದಾರೆ" ಎಂದಳು. ಅವನು ಬಾಯಿ ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಲ್ಲಗೆ, "ಬೆಚ್ಚಗಿದೆ ರೀ. ಅಥವಾ ಬೆಚ್ಚಗಿರ್ಬೇಕು ಅಂತ ನಾನೇ ಅಂದ್ಕೊಳ್ತಾ ಇದ್ದೀನೋ ಏನೋ" ಎಂದಳು.

ಆ ಒಂದು ಮಾತಿನಲ್ಲೇ ಮುಂದಿನ ಎಲ್ಲ ಅನಾಹುತವೂ ಅಡಗಿತ್ತು. ಪಾಪ, ಅವರಿಗೆ ಅದು ಹೊಳೆಯಲಿಲ್ಲ.

ಕೆಲವು ವಾರ ಹೀಗೇ ಹೋಯಿತು. ಒಂದು ಸಂಜೆ ಅವಳು, "ಇವತ್ತು ಪರೀಕ್ಷೆ ಮಾಡ್ಕೊಳ್ತೀನಿ" ಎಂದು ಕಪಾಟಿನಿಂದ ಮಕ್ಕಳ ಕಥೆಯ ಪುಸ್ತಕವೊಂದನ್ನು ತೆಗೆದಳು. ಮರುಮುದ್ರಣವಾದಾಗಲೆಲ್ಲ ಇಬ್ಬರೂ ಸೇರಿ ತಿದ್ದಿದ ಪುಸ್ತಕ ಅದು. ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿ, ಬೆರಳಿಟ್ಟು, ಓದತೊಡಗಿದಳು. "ಒಂದೂರಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡುವವನಿದ್ದ. ಅವನ ಮನೆಯ ಗೋಡೆಯಲ್ಲಿ ಒಂದು ಸೋಮಾರಿ ಗಡಿಯಾರವಿತ್ತು…" ಎಲ್ಲೂ ತಡವರಿಸಲಿಲ್ಲ. ಬೆರಳು ಸಾಲಿನ ಮೇಲೆ ಸರಾಗವಾಗಿ ಹರಿಯುತ್ತಿತ್ತು, ದನಿ ಏರುತ್ತಿತ್ತು, ಮುಖದಲ್ಲಿ ಬಣ್ಣ ಬರುತ್ತಿತ್ತು.

ರೇಡಿಯೊಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹತ್ತಿರ ಹೋಗಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. ಇಷ್ಟು ವರ್ಷದ ರೂಢಿಯಲ್ಲಿ ಬ್ರೈಲ್ ಚುಕ್ಕಿಗಳನ್ನು ಕಣ್ಣಿನಿಂದಲೇ ಓದಲು ಅವನಿಗೆ ಬರುತ್ತಿತ್ತು. ಮರಗಟ್ಟಿದ ಬೆರಳಿಗೆ ತಿಳಿಯದೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡಿತ್ತು. ಅವಳ ಬಾಯಲ್ಲಿ ಗಡಿಯಾರ ಇನ್ನೂ ಗೋಡೆಯ ಮೇಲೆ ಆಕಳಿಸುತ್ತಿತ್ತು. ಅವಳ ಬೆರಳ ಕೆಳಗೆ ಅದು ಆಗಲೇ ಬಾವಿಗೆ ಬಿದ್ದಿತ್ತು.

ಕರಡು ತಿದ್ದುವವರಿಗೆ ಮಾತ್ರ ಅಂಟುವ ರೋಗ ಇದು. ಬಹಳ ಸಲ ತಿದ್ದಿದ ಪುಸ್ತಕ ಬೆರಳನ್ನು ಬಿಟ್ಟು ತಲೆಗೆ ಏರಿ ಕೂತಿರುತ್ತದೆ. ಓದುತ್ತಿದ್ದೇನೆ ಎಂದುಕೊಂಡು ನೆನಪನ್ನು ಒಪ್ಪಿಸುತ್ತಾರೆ. ಅವಳೇ ಹೊಸಬರಿಗೆ ಇದನ್ನು ಹೇಳಿ ಎಚ್ಚರಿಸುತ್ತಿದ್ದವಳು.

"ಹೇಗಿತ್ತು?" ಎಂದು ಅವಳು ಮುಖವೆತ್ತಿ ಕೇಳಿದಳು. ತಪ್ಪು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆ ಮುಖಕ್ಕೆ ಹೇಗೆ ಹೇಳುವುದು? ನಿಮ್ಮಿಂದ ಆಗುತ್ತಿತ್ತೋ ಏನೋ, ನನ್ನಿಂದಲೂ ಆಗುತ್ತಿರಲಿಲ್ಲ.

"ಒಂದಕ್ಷರ ತಪ್ಪಿಲ್ಲ ಕಣೆ" ಎಂದ.

ಪುಸ್ತಕದಲ್ಲಿರುವ ಪ್ರಕಾರ ಒಂದಕ್ಷರವೂ ತಪ್ಪಿರಲಿಲ್ಲ, ಅದು ನಿಜ. ತಾನು ಸುಳ್ಳು ಹೇಳಿಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ.

ಅವಳು ತಡಮಾಡುವವಳೇ? ಆಗಲೇ ಮ್ಯಾನೇಜರಿಗೆ ಫೋನು. ಮರುವಾರ ಪ್ರೆಸ್ಸಿನಲ್ಲಿ ಹಬ್ಬದ ವಾತಾವರಣ. ಹೈಕೋರ್ಟು ವಾಪಸು ಬಂದಿದೆಯೆಂದು ಅಚ್ಚಿನವರು, ಹೊಲಿಗೆಯವರು ಎಲ್ಲ ಬಂದು ಮಾತಾಡಿಸಿ ಹೋದರು. ಯಾರೋ ಅವಳ ಕುರ್ಚಿಗೆ ಹೊಸ ದಿಂಬು ತಂದಿಟ್ಟಿದ್ದರು. ಶಾಲೆಯ ವಿಜ್ಞಾನದ ಪುಸ್ತಕದ ಕರಡು ಬಂದು ಮೇಜಿನ ಮೇಲೆ ಕೂತಿತು. ಹೊಸ ಪುಸ್ತಕ, ಮೊದಲ ಮುದ್ರಣ. ರೇಡಿಯೊ ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದ.

ಒಂದು ಪುಟ ಆಯಿತು, ಇನ್ನೊಂದು ಆಯಿತು. ಅವಳು ಒಮ್ಮೆಯೂ ತಡೆಯಲಿಲ್ಲ. ಕರಡು ಅಷ್ಟು ಚೊಕ್ಕವಾಗಿರುವುದೇ ಇಲ್ಲ. ಅವನು ಓದುತ್ತಾ ಓದುತ್ತಾ ಓರೆಗಣ್ಣಿನಲ್ಲಿ ಅವಳ ಹಾಳೆ ನೋಡುತ್ತಿದ್ದ. ಅವನ ದನಿ ಎಷ್ಟು ವೇಗದಲ್ಲಿ ಹೋಗುತ್ತಿತ್ತೋ ಅವಳ ಬೆರಳೂ ಅಷ್ಟೇ ವೇಗದಲ್ಲಿ ಹೋಗುತ್ತಿತ್ತು. ಅವನು ಬೇಕೆಂದೇ ನಿಧಾನಿಸಿದ, ಬೆರಳೂ ನಿಧಾನಿಸಿತು. ಅವಳು ಅವನ ದನಿಯನ್ನೇ ಹಾಳೆಯ ಮೇಲೆ ಸವರುತ್ತಿದ್ದಳು, ಪಾಪ, ತನಗೇ ತಿಳಿಯದೆ.

ಪ್ರಯೋಗದ ಪಾಠ ಬಂತು. "ನೀರು ಕುದಿದ ನಂತರ ಒಲೆ ಆರಿಸಿ. ಕಾದ ಪಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ" ಎಂದು ಅವನು ಓದಿದ. ಎರಡನೆಯ ವಾಕ್ಯ ಅವಳ ಹಾಳೆಯಲ್ಲಿ ಇರಲೇ ಇಲ್ಲ. ಅಚ್ಚು ಮಾಡಿದವನು ಒಂದಿಡೀ ಸಾಲು ಹಾರಿಸಿದ್ದ. ಅವಳ ಬೆರಳು ಇಲ್ಲದ ಸಾಲಿನ ಮೇಲೆ ನಿರಾಳವಾಗಿ ಸರಿದು ಮುಂದಕ್ಕೆ ಹೋಯಿತು.

ಎಲ್ಲಿಯೋ ಒಂದು ಶಾಲೆಯಲ್ಲಿ ಕಣ್ಣಿಲ್ಲದ ಮಗುವೊಂದು ಆ ಪಾತ್ರೆಗೆ ಕೈ ಚಾಚುವುದು ಅವನ ಕಣ್ಣಿಗೆ ಕಟ್ಟಿತು.

"ತಡಿ" ಎಂದ.

ಆ ಮೇಜಿನಲ್ಲಿ ಆ ಮಾತನ್ನು ಅವನು ಎಂದೂ ಆಡಿದವನಲ್ಲ. ಅದು ಅವಳ ಮಾತು. ಅವಳ ಬೆರಳು ಇದ್ದಲ್ಲೇ ನಿಂತಿತು.

"ಏನು ತಪ್ಪಿದೆ?"

"ಸಾಲು ಬಿಟ್ಟಿದ್ದಾರೆ."

"ಯಾವ ಸಾಲು?"

ಅವನು ಹೇಳಿದ. ಅವಳು ಹಾಳೆಯಿಂದ ಕೈ ತೆಗೆದಳು. ಆಮೇಲೆ ತಣ್ಣಗೆ ಕೇಳಿದಳು, "ಆವತ್ತು ಮನೇಲಿ? ಗಡಿಯಾರ?"

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿದ್ದನ್ನು ಹೇಳಿದ. ಹೇಳುವಾಗ ಅವನ ದನಿ ರೇಡಿಯೊದ ಹಾಗಿರಲಿಲ್ಲ.

ಅವಳು ಎದ್ದು, ಕೋಲು ಹುಡುಕಿಕೊಂಡು, ಮ್ಯಾನೇಜರ ಬಳಿ ಹೋಗಿ, "ನನ್ನಿಂದ ಆಗ್ತಾ ಇಲ್ಲ ಸಾರ್. ಈ ಪುಟಗಳನ್ನೆಲ್ಲ ಇನ್ನೊಬ್ಬರ ಹತ್ರ ಮೊದಲಿಂದ ತಿದ್ದಿಸಿ" ಎಂದಳು. ಮ್ಯಾನೇಜರು ಒಳ್ಳೆಯವರು, ನಿಧಾನವಾಗಲಿ ಬಿಡಿ, ಕುರ್ಚಿ ಎಲ್ಲಿಗೂ ಹೋಗುವುದಿಲ್ಲ ಎಂದರು. ಬಸ್ಸಿನಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಸಿಡಿದಳು. "ಬೆರಳು ಹೋಯ್ತು ಅಂತ ನನಗೆ ಕೋಪ ಇಲ್ಲ. ಅದು ಔಷಧಿ ಮಾಡಿದ ಕೆಲಸ. ನಿಮ್ಮ ಬಾಯಿ ಯಾವ ಔಷಧಿಗೆ ಹೋಯ್ತು ಹೇಳಿ! ಇಷ್ಟು ವರ್ಷ ನೀವು ಓದಿದ್ದು ಪುಸ್ತಕದಲ್ಲಿ ಇದ್ದೇ ಇದೆ ಅಂತ ನಂಬಿ ನಾನು ಬೆರಳಾಡಿಸಿದ್ದು. ಒಂದೇ ಒಂದು ದಿನ ಪರೀಕ್ಷೆ ಮಾಡಿ ನೋಡಿದವಳಲ್ಲ. ಪ್ರಪಂಚದಲ್ಲಿ ನನಗೆ ಕಾಣೋದೆಲ್ಲ ಒಂದು ನನ್ನ ಬೆರಳಿಂದ, ಇನ್ನೊಂದು ನಿಮ್ಮ ಬಾಯಿಂದ. ಎರಡೂ ಒಟ್ಟಿಗೆ ಹೋದ್ರೆ ನಾನೆಲ್ಲಿಗೆ ಹೋಗ್ಲಿ?"

"ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ" ಎಂದ.

"ನನ್ನ ಮುಖ ನಾನೇ ನೋಡಿಲ್ಲ. ನೀವ್ಯಾಕೆ ನೋಡೋಕೆ ಹೋದ್ರಿ?"

ಕೆಲವು ದಿನ ಆ ಮನೆಯಲ್ಲಿ ಮಾತಿಗೆ ಬರ. ತಟ್ಟೆ ಲೋಟದ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಆಸ್ಪತ್ರೆಗೆ ಒಬ್ಬಳೇ ಹೊರಟಳು. ಕಾಲಿನ ಅಡಿಯೂ ಮರಗಟ್ಟಿದವಳು, ಮೆಟ್ಟಿಲ ಅಂಚು ತಿಳಿಯುವುದಿಲ್ಲ. ಅವನು ಹತ್ತು ಮಾರು ಹಿಂದೆ, ಉಸಿರು ಬಿಗಿಹಿಡಿದು ಹೋದ. ಬಸ್ ಸ್ಟಾಪಿನಲ್ಲಿ ಅವಳು ತಿರುಗದೆಯೇ, "ಹಿಂದೆ ಬರೋದಾದ್ರೆ ಛತ್ರಿಯಾದ್ರೂ ಹಿಡೀರಿ, ಬಿಸಿಲಿದೆ" ಎಂದಳು. ಅದನ್ನು ರಾಜಿ ಎಂದು ತಿಳಿದು ಹತ್ತಿರ ಹೋದವನಿಗೆ ಮತ್ತೇನೂ ಸಿಗಲಿಲ್ಲ.

ಕೆಂಪು ಬೆಳಕಿನಡಿ ಕೈಚಾಚಿ ಕೂತು ಅವಳು ದೀಪದಕ್ಕನಿಗೆ ಎಲ್ಲ ಹೇಳಿದಳು. ಕಪ್ಪು ಕನ್ನಡಕದ ಗಂಡ ಸ್ಟೂಲಿನ ಮೇಲೆ ಅಪರಾಧಿಯಂತೆ ಕೂತಿದ್ದ. ದೀಪದಕ್ಕ ಯಾರ ಪಕ್ಷವನ್ನೂ ವಹಿಸಲಿಲ್ಲ. "ಇಲ್ಲಿ ಬರೋರೆಲ್ಲ ಮೊದಲು ಗುಣ ಆಯ್ತು ಅಂತಾರೆ. ಆಸೆಗೆ ಹಾಗನ್ಸತ್ತೆ. ಅದಕ್ಕೇ ನಾವು ಕಣ್ಣು ಮುಚ್ಚಿಸಿ ಹತ್ತಿ ತಾಗಿಸಿ ಕೇಳೋದು. ನಿಮಗೆ ಕಣ್ಣು ಮುಚ್ಚಿಸೋ ಅಗತ್ಯ ಇಲ್ಲ, ಆದ್ರೆ ನಿಮ್ಮ ತಲೆ ಮುಚ್ಚಿಸ್ಬೇಕು, ಅಷ್ಟೆ."

ಅವಳಿಗೆ ಆ ಮಾತು ಹಿಡಿಸಿತು. ಅಂದೇ ಸಂಜೆ ಗಂಡನನ್ನು ಕರೆದು ಕೂರಿಸಿದಳು.

"ನೋಡಿ, ದಿನಕ್ಕೊಂದು ಸಾಲು ನೀವು ಬ್ರೈಲ್‌ನಲ್ಲಿ ಬರೀಬೇಕು. ಏನು ಬರೆದ್ರಿ ಅಂತ ಹೇಳ್ಬಾರ್ದು. ನಾನು ಓದ್ತೀನಿ. ತಪ್ಪಾದ್ರೆ ತಪ್ಪು ಅನ್ಬೇಕು. ಸಮಾಧಾನ ಮಾಡಂಗಿಲ್ಲ, ಅಯ್ಯೋ ಅನ್ನಂಗಿಲ್ಲ. ತಪ್ಪು, ಅಷ್ಟೇ. ಆಗತ್ತಾ?"

"ಆಗತ್ತೆ" ಎಂದ. ಆಗುವುದಿಲ್ಲ ಎಂದು ಅವನಿಗೆ ಅನಿಸಿತ್ತು.

ಬ್ರೈಲ್ ಬರೆಯುವುದೆಂದರೆ ಸುಮ್ಮನೆ ಅಲ್ಲ. ಸ್ಲೇಟು ಎನ್ನುವ ಚೌಕ ಕಿಂಡಿಗಳ ಪಟ್ಟಿಯೊಳಗೆ ದಪ್ಪ ಕಾಗದ ಸಿಕ್ಕಿಸಿ, ಮೊನಚು ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಚುಕ್ಕಿ ಉಬ್ಬುವುದು ಕಾಗದದ ಇನ್ನೊಂದು ಮಗ್ಗುಲಿಗೆ. ಹಾಗಾಗಿ ಎಲ್ಲವನ್ನೂ ತಿರುಗುಮುರುಗಾಗಿ, ಬಲದಿಂದ ಎಡಕ್ಕೆ ಬರೆಯಬೇಕು, ಬರೆದದ್ದು ಹೇಗೆ ಬಂದಿದೆ ಎಂದು ಕಾಗದ ತೆಗೆಯುವವರೆಗೆ ಕಾಣುವುದಿಲ್ಲ. ರೇಡಿಯೊ ಓದುವುದರಲ್ಲಿ ಎತ್ತಿದ ಕೈ, ಬರೆಯುವುದರಲ್ಲಿ ಶುದ್ಧ ಬೆಪ್ಪುತಕ್ಕಡಿ. ನಾಲಿಗೆ ಕಚ್ಚಿಕೊಂಡು, ಒಂದು ಸಾಲಿಗೆ ಬೆವರಿಳಿಸಿಕೊಂಡು ಬರೆದ.

ಮೊದಲ ದಿನ ಅವಳು ಹಾಳೆಯ ಮೇಲೆ ಬೆರಳಾಡಿಸಿ, "ಅಡುಗೆ ಮನೆ ನಲ್ಲಿ ಸೋರುತ್ತಿದೆ" ಎಂದಳು. ಅವನು ಬೆಚ್ಚಿಬಿದ್ದ. ಬರೆದದ್ದು ಅದೇ!

"ಓದಿದ್ಯೋ, ಊಹೆ ಮಾಡಿದ್ಯೋ?"

"ಊಹೆ. ಬೆಳಗ್ಗೆಯಿಂದ ನಲ್ಲಿ ನಲ್ಲಿ ಅಂತ ಗೊಣಗ್ತಾ ಇದ್ರಿ."

"ಹಾಗಾದ್ರೆ ತಪ್ಪು" ಎಂದ, ಗಟ್ಟಿ ಮನಸ್ಸು ಮಾಡಿ.

ಅವಳ ಮುಖ ಸಣ್ಣಗೆ ಅರಳಿತು. "ಹಾಂ, ಹೀಗೆ" ಎಂದಳು.

ಅಲ್ಲಿಂದ ರೇಡಿಯೊನ ಫಜೀತಿ ಶುರು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿಗೆ ಊಹಿಸಲಾಗದ ಮಾತು ಎಲ್ಲಿಂದ ತರುವುದು? ಅವನು ಏನು ಬರೆದಾನು ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಪಕ್ಕದ ಮನೆಯ ಬೆಕ್ಕು ಬರೆದರೆ ಹಿಡಿದಳು, ಬಸ್ಸಿನ ಕಂಡಕ್ಟರನ ಕೊಬ್ಬು ಬರೆದರೆ ಹಿಡಿದಳು. ಕೊನೆಗೆ ಅವನು ಹುಚ್ಚುಚ್ಚಾಗಿ ಬರೆಯತೊಡಗಿದ. ಆನೆಯೊಂದು ಟೋಪಿ ಕೊಂಡಿತು. ಸೋಪಿನ ಡಬ್ಬಿಗೆ ಜ್ವರ. ಮ್ಯಾನೇಜರು ಮರ ಹತ್ತಿ ಇಳಿಯಲು ಒಪ್ಪುತ್ತಿಲ್ಲ. ದಿನವಿಡೀ ಬೇರೆಯವರು ಬರೆದದ್ದನ್ನೇ ಓದಿದ ಮನುಷ್ಯ ಪ್ರೆಸ್ಸಿನಿಂದ ಬರುವಾಗ ಬಸ್ಸಿನಲ್ಲಿ ಕೂತು ಅಸಂಬದ್ಧ ಯೋಚಿಸಿ ಒಬ್ಬನೇ ನಗುತ್ತಿದ್ದ.

ನಗು ಅಷ್ಟಕ್ಕೇ. ಸಂಜೆ ಅವಳು ಬೆರಳಾಡಿಸಿ, "ಏನೋ ಇದೆ. ಗೊತ್ತಾಗ್ತಿಲ್ಲ" ಎನ್ನುವಳು. ಇಲ್ಲವೇ ಬಾಯಿಗೆ ಬಂದದ್ದು ಹೇಳುವಳು. ಅವನು "ತಪ್ಪು" ಎನ್ನುವನು. ದಿನಾ ತಪ್ಪು, ದಿನಾ ತಪ್ಪು. ಪ್ರೀತಿಯ ಹೆಂಡತಿಗೆ ದಿನಕ್ಕೊಮ್ಮೆ ಆ ಮಾತು ಹೇಳುವುದೆಂದರೆ ನಾಲಿಗೆಯ ಮೇಲೆ ಕೆಂಡ ಇಟ್ಟುಕೊಂಡ ಹಾಗೆ. ಆದರೆ ಅವನು ಪ್ರತಿಸಲ ಹಾಗೆಂದಾಗಲೂ ಅವಳು ಅವನಿಗೆ ಇನ್ನೊಂದಿಷ್ಟು ಹತ್ತಿರ ಸರಿದು ಕೂರುತ್ತಿದ್ದಳು. ಇದು ಅವನ ಗಮನಕ್ಕೆ ಬರಲು ಬಹಳ ದಿನ ಹಿಡಿಯಿತು, ಗಂಡಸರ ಬುದ್ಧಿಯೇ ಅಷ್ಟು.

ಬೆಳಕಿನ ಕೋಣೆಗೆ ಹೋಗುವುದು ನಿಲ್ಲಲಿಲ್ಲ. ಒಂದು ದಿನ ಅವಳ ಕೈಯಲ್ಲಿ ಜುಮುಜುಮು ಶುರುವಾಯಿತು. ಆಮೇಲೆ ಸೂಜಿ ಚುಚ್ಚಿದ ನೋವು. ನೋವಿಗೆ ಸಂತೋಷಪಡುವ ಜನ ಎಲ್ಲಾದರೂ ಇದ್ದರೆ ಈ ದಂಪತಿಯೇ. ದೀಪದಕ್ಕ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ತಾಗಿಸಿ ನೋಡಿದಳು. ಬಲಗೈಯಲ್ಲಿ ಏನೂ ಇಲ್ಲ. ಹೈಕೋರ್ಟಿನ ತೀರ್ಪುಗಾರ ತೋರುಬೆರಳು ಮಂಕಾಗಿಯೇ ಇತ್ತು. ಎಡಗೈಯ ಕಿರುಬೆರಳಿಗೆ ಎಳೆ ತಾಗಿದಾಗ ಮಾತ್ರ ಅವಳು, "ಅಲ್ಲಿ!" ಎಂದು ಕೂಗಿದಳು.

"ಬೆಳಕಿಂದ ಬಂತೋ, ದಿನ ಕಳೆದ ಹಾಗೆ ತಾನಾಗಿ ಬಂತೋ, ನಾನು ಹೇಳಲಾರೆ" ಎಂದಳು ದೀಪದಕ್ಕ. ಅವಳ ದಪ್ಪ ದನಿ ಆ ಹೊತ್ತು ಸ್ವಲ್ಪ ಒದ್ದೆಯಾಗಿತ್ತು.

ಸಿಕ್ಕಿದ್ದು ಕಿರುಬೆರಳು. ಅದೂ ಎಡಗೈಯದು. ಜೀವಮಾನದಲ್ಲಿ ಒಂದಕ್ಷರ ಓದದ, ಹಾಳೆಯ ಅಂಚಿನಾಚೆ ಸೋಮಾರಿಯಾಗಿ ಬಿದ್ದಿರುತ್ತಿದ್ದ ಬೆರಳು. ಅದಕ್ಕೆ ಚುಕ್ಕಿ ತಾಗುತ್ತದೆ, ಆದರೆ ಎಷ್ಟು ಚುಕ್ಕಿ, ಮೇಲೋ ಕೆಳಗೋ ತಿಳಿಯುವುದಿಲ್ಲ. "ಓದು ಬಾರದ ಗಮಾರ ಇದು ರೀ. ಒಂದನೇ ಕ್ಲಾಸಿಗೆ ಸೇರಿಸ್ಬೇಕು" ಎಂದಳು. ಸೇರಿಸಿದಳು ಕೂಡ. ಪಾಠ ಹೇಳಿಕೊಡುವವಳೂ ಅವಳೇ, ಪೆಟ್ಟು ತಿನ್ನುವವಳೂ ಅವಳೇ. ದಿನವಿಡೀ ಅಕ್ಷರಮಾಲೆಯ ಹಾಳೆಯ ಮೇಲೆ ಆ ಬೆರಳನ್ನು ನಡೆಸಿದಳು. ಸಂಜೆ ಅವನ ಸಾಲು. ತಪ್ಪು. ಮರುದಿನವೂ ತಪ್ಪು. ಒಮ್ಮೆ ಒಂದು ಪದ ಸರಿ, ಮಿಕ್ಕದ್ದೆಲ್ಲ ತಪ್ಪು. ಇಬ್ಬರೂ ಆ ಒಂದು ಪದವನ್ನು ರಾತ್ರಿ ಊಟದ ತನಕ ಮಾತಾಡಿದರು.

ಒಂದು ಸಂಜೆ ಅವನು ಬರೆದ ಹಾಳೆ ತಂದು ಅವಳ ಮುಂದಿಟ್ಟು ಎದುರಿಗೆ ಕೂತ. ಹೇಗೂ ಊಹಿಸಲಾರಳೆಂಬ ಧೈರ್ಯವಿತ್ತು. ಅವಳು ಕಿರುಬೆರಳನ್ನು ಸಾಲಿನ ತಲೆಗೆ ಇಟ್ಟಳು. ಕಿರುಬೆರಳಿನಲ್ಲಿ ಓದುವುದಕ್ಕೆ ಮೊಣಕೈಯನ್ನು ಹೊರಕ್ಕೆ ಎತ್ತಿ, ಭುಜ ಬಾಗಿಸಿ, ವಿಚಿತ್ರವಾಗಿ ಕೂರಬೇಕಿತ್ತು.

"ಹಸು," ಎಂದಳು. ನಿಂತಳು. "ಹಸುವೊಂದು."

ಅವನು ಕುರ್ಚಿಯ ತುದಿಗೆ ಸರಿದ.

"ಮೆಟ್ಟಿಲು… ಮೆಟ್ಟಿಲು ಹತ್ತಿ…" ಬೆರಳು ತೆವಳುತ್ತಿತ್ತು. "ಬಂದು. ಮೇಷ್ಟರ. ಕನ್ನಡಕ. ಕೇಳಿತು."

ಹಸುವೊಂದು ಮೆಟ್ಟಿಲು ಹತ್ತಿ ಬಂದು ಮೇಷ್ಟರ ಕನ್ನಡಕ ಕೇಳಿತು. ಅವನು ಬರೆದದ್ದು ಅದೇ. ಅವನಿಗೆ ಎದ್ದು ಕುಣಿಯಬೇಕೆನಿಸಿತು. ಆದರೆ ಅವಳು ಮೆಟ್ಟಿಲು ಎಂಬುದನ್ನು ಎರಡು ಸಲ ಹೇಳಿದ್ದಳು. ಒಂದು ಜಾಸ್ತಿ. ಬಿಟ್ಟುಬಿಡಲೇ? ತಡವರಿಸಿದ್ದಷ್ಟೇ ಎಂದುಕೊಳ್ಳಲೇ? ಇಷ್ಟು ದೂರ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗಲ್ಲವೇ?

ಅವಳು ಕಾಯುತ್ತಿದ್ದಳು. ಮುಖವನ್ನು ಅವನ ಕಡೆ ಎತ್ತಿರಲಿಲ್ಲ, ಹಾಳೆಯ ಮೇಲೇ ಬಗ್ಗಿಸಿದ್ದಳು.

"ತಪ್ಪು" ಎಂದ ಅವನು.

"ಎಲ್ಲಿ?"

"ಮೆಟ್ಟಿಲು ಒಂದೇ ಸಲ."

ಅವಳು ಹಿಂದಕ್ಕೆ ಹೋದಳು. ಕಿರುಬೆರಳು ಒಮ್ಮೆ ನಡೆಯಿತು, ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ನಡೆಯಿತು. ಅವಳ ಹುಬ್ಬು ಗಂಟಿಕ್ಕಿತು. ಆ ಗಂಟನ್ನು ಅವನು ಕಾಯಿಲೆಗೆ ಮುಂಚೆ ನೋಡಿದ್ದು.

"ಎರಡು ಸಲ ಇದೆ" ಎಂದಳು.

"ಇಲ್ಲ ಕಣೆ, ನಾನು…"

"ನೀವೇನು ಬರೀಬೇಕು ಅಂತಿದ್ರೋ ನನಗೆ ಗೊತ್ತಿಲ್ಲ. ಹಾಳೇಲಿ ಎರಡು ಸಲ ಇದೆ."

ಅವನು ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೆಟ್ಟಿಲು, ಮೆಟ್ಟಿಲು. ಬರೆಯುತ್ತಿದ್ದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿತ್ತು. ಓಡಿಹೋಗಿ ಒಲೆ ಆರಿಸಿ ಬಂದವನು, ಎಲ್ಲಿ ನಿಲ್ಲಿಸಿದ್ದೆನೆಂದು ಕಾಣದೆ ಅದೇ ಪದವನ್ನು ಮತ್ತೊಮ್ಮೆ ಚುಚ್ಚಿದ್ದ. ಅವನಿಗೇ ತಿಳಿಯದ ತಪ್ಪು. ಯಾವ ನೆನಪೂ ಅವಳಿಗೆ ಅದನ್ನು ಹೇಳಿಕೊಟ್ಟಿರಲು ಸಾಧ್ಯವಿರಲಿಲ್ಲ, ಯಾವ ಊಹೆಯೂ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಆ ಓದು ಬಾರದ ಬೆರಳು ಇದ್ದದ್ದನ್ನು ಇದ್ದ ಹಾಗೆ ಓದಿತ್ತು.

"ಇದೆ" ಎಂದ. "ಎರಡು ಸಲ ಇದೆ. ತಪ್ಪು ನನ್ನದು."

ಇನ್ನು ತಡೆದುಕೊಳ್ಳಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅವಳು ಕೈ ಚಾಚಿ, ಮೇಜಿನ ಮೇಲೆ ತಡಕಿ, ಅವನ ಕೆನ್ನೆ ಹುಡುಕಿದಳು. ಬೇರೆ ಬೆರಳುಗಳಿಗೆ ಅಲ್ಲೇನೂ ಸಿಗಲಿಲ್ಲ. ಎಡಗೈಯ ಕಿರುಬೆರಳನ್ನು ತಂದು ತಾಗಿಸಿದ ಮೇಲೆಯೇ ಅವಳಿಗೆ ಒದ್ದೆ ತಿಳಿದದ್ದು. ಸ್ವಲ್ಪ ಹೊತ್ತು ಆ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಆಮೇಲೆ ಹಾಳೆಯನ್ನು ಅವನ ಕಡೆ ತಳ್ಳಿದಳು.

"ಸರಿಮಾಡಿ ಬರ್ಕೊಂಡು ಬನ್ನಿ" ಎಂದಳು. "ಮುಂದೇನಾಯ್ತು ಅಂತಾನೂ ಬರೀರಿ. ಮೇಷ್ಟ್ರು ಕನ್ನಡಕ ಕೊಟ್ರಾ, ಇಲ್ವಾ?"